ಕಾಯಕದ ಮಾತಾಯಿತು, ಇನ್ನು ಕೊಡತಿ ಕೈಗೆ ಬರಲಿ

ಬಾಚಿಕಾಯಕದ ಬಸವಯ್ಯ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ. ಈ ಮೂರು ಹೆಸರುಗಳನ್ನು ಒಟ್ಟಿಗೆ ಓದಿ ನೋಡಿ. ಬಾಚಿ, ಸೂಜಿ, ಕದಿರು. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಮನುಷ್ಯನನ್ನು ಗುರುತಿಸಲು ಅವನ ಕೈಯಲ್ಲಿದ್ದ ಉಪಕರಣವೇ ಸಾಕಾಗಿತ್ತು. ಮಾದಾರ, ಡೋಹರ, ಮೇದಾರ, ಅಂಬಿಗ ಎಂಬ ಕಸುಬಿನ ಹೆಸರನ್ನು ಬಿಡದೆ ಇಟ್ಟುಕೊಂಡು ಆ ಹೆಸರಿಗೇ ಗೌರವ ತಂದುಕೊಟ್ಟ ಶರಣರೂ ಇದ್ದಾರೆ. ಆದರೆ ಬಾಚಿ, ಸೂಜಿ, ಕದಿರುಗಳ ಹೆಸರು ನನಗೆ ಬೇರೆಯೇ ಒಂದು ಪಾಠ ಹೇಳುತ್ತವೆ. ಕಾಯಕ ಎಂದರೆ ದುಡಿಮೆ ಎಂದಷ್ಟೇ ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆ ದುಡಿಮೆಗೆ ಒಂದು ಉಪಕರಣ ಬೇಕು, ಆ ಉಪಕರಣ ಯಾರದ್ದು, ಅದನ್ನು ಮಾಡಿದವರು ಯಾರು, ಅದು ಕೆಟ್ಟರೆ ಸರಿಮಾಡಬಲ್ಲವರು ಯಾರು ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಾನು ತಾಳಗುಂದದವನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಊರಿನ ಒಬ್ಬ ಹಿರಿಯ ಬಡಗಿಯವರ ಬಳಿ ಮರಗೆಲಸ ಕಲಿಯುತ್ತಿದ್ದೇನೆ. ಮೊದಲನೆಯ ದಿನ ಅವರು ನನಗೆ ಪೀಠೋಪಕರಣ ಮಾಡುವುದನ್ನು ಹೇಳಿಕೊಡಲಿಲ್ಲ. “ಮೇಷ್ಟ್ರೇ, ಮೊದ್ಲು ನಿಮ್ಮ ಕೊಡತಿ ನೀವೇ ಮಾಡ್ಕೊಳ್ಳಿ. ಇನ್ನೊಬ್ಬರ ಕೊಡತಿ ಹಿಡಿದ ಕೈಗೆ ಕೆಲಸ ಹತ್ತೋದಿಲ್ಲ” ಎಂದರು. ಈಗ ನನ್ನಲ್ಲಿ ನಾನೇ ಮಾಡಿಕೊಂಡ ಎರಡು ಕೊಡತಿ, ಒಂದು ತೋಪಡ, ಒಂದು ಮೂಲೆಮಟ್ಟ, ಗೆರೆ ಎಳೆಯುವ ಒಂದು ಸಣ್ಣ ಕೊರಡು, ಆರು ಉಳಿಗಳ ಹಿಡಿ ಇವೆ. ಇವನ್ನು ಮಾಡುವಾಗ ನನಗೆ ಹೊಳೆದದ್ದನ್ನು ಮಠಗಳ ಮುಂದೆ, ಬಸವಭಕ್ತರ ಮುಂದೆ ಇಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮರದ ಮಾತು. ಬಾಗಿಲಿಗೆ ತೇಗ ಬೇಕು, ಉಪಕರಣಕ್ಕೆ ತೇಗ ಸಾಲದು. ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ, ದಿಂಡಿಗ ಮತ್ತು ಹುಣಸೆಯ ಕೆಚ್ಚು ಸುಮಾರು 900 ಕಿಲೋ ತೂಗುತ್ತವೆ. ದಿಂಡಿಗಕ್ಕೆ ಗಟ್ಟಿತನದ ಜೊತೆಗೆ ಬಳುಕುವ ಗುಣವೂ ಇದೆ. ಅದಕ್ಕೇ ಹಿಂದಿನವರು ಗಾಡಿಯ ಅಚ್ಚಿಗೆ, ಕೊಡಲಿಯ ಕಾವಿಗೆ ಅದನ್ನೇ ಹುಡುಕುತ್ತಿದ್ದರು. ಹುಣಸೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಪೆಟ್ಟು ಬಿದ್ದರೂ ಸುಲಭವಾಗಿ ಸೀಳುವುದಿಲ್ಲ. ಕೊಡತಿಯ ತಲೆಗೆ ಅದಕ್ಕಿಂತ ಒಳ್ಳೆಯದು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಹೊಲದ ಬದುವಿನ ಜಾಲಿ ತೋಪಡದ ಮೈಗೆ ಹೇಳಿ ಮಾಡಿಸಿದ್ದು. ಬೀಟೆ ನೋಡಲು ಚೆಂದ, ಆದರೆ ಅದನ್ನು ಕಾಡಿನಲ್ಲಿಯೇ ಬಿಡೋಣ. ಆ ಜಾತಿಯ ಮರಗಳೆಲ್ಲವೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಯಲ್ಲಿವೆ. ನಮಗೆ ಅದರ ಅಗತ್ಯವೂ ಇಲ್ಲ. ಗಾಳಿಗೆ ಮುರಿದು ಬಿದ್ದ ಒಂದು ಹುಣಸೆ ಕೊಂಬೆ, ಬದುವಿನಲ್ಲಿ ಒಣಗಿ ನಿಂತ ಒಂದು ಜಾಲಿ ಇದ್ದರೆ ಹತ್ತು ಮಂದಿಗೆ ಸಾಕಾಗುವಷ್ಟು ಉಪಕರಣವಾಗುತ್ತದೆ. ಮಲೆನಾಡಿನ ಅಂಚಿನಲ್ಲೆಲ್ಲ ನೆಟ್ಟು, ನಾವೆಲ್ಲ ಬೈಯುವ ಅಕೇಶಿಯಾ ಕೂಡ ಉಳಿಯ ಹಿಡಿಗೆ ಚೆನ್ನಾಗಿಯೇ ಒದಗುತ್ತದೆ.

ಕಡಿದ ಮರವನ್ನು ಆ ದಿನವೇ ಕೆತ್ತಬಾರದು. ತುದಿಗಳಿಗೆ ಸಗಣಿಯನ್ನೋ ಹಳೆಯ ಬಣ್ಣವನ್ನೋ ಬಳಿದು, ನೆರಳಿನಲ್ಲಿ, ಗಾಳಿಯಾಡುವ ಹಾಗೆ ಅಡ್ಡಪಟ್ಟಿಗಳ ಮೇಲೆ ಜೋಡಿಸಬೇಕು. ತುದಿ ಬೇಗ ಒಣಗಿ ನಡು ಹಸಿಯಾಗಿ ಉಳಿದರೆ ಮರ ಬಿರುಕು ಬಿಡುತ್ತದೆ, ಅದನ್ನು ತಡೆಯುವುದಕ್ಕೆ ಈ ಲೇಪ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಬಡಗಿಗಳ ಲೆಕ್ಕ. ಹೊರಗಿನ ಬಿಳಿಯ ಭಾಗವನ್ನು ತೆಗೆದುಹಾಕಬೇಕು, ಹುಳು ಮೊದಲು ಹಿಡಿಯುವುದು ಅದನ್ನೇ. ಉಳಿಯಬೇಕಾದದ್ದು ಕೆಚ್ಚು. ಧೈರ್ಯವಂತನಿಗೆ ಕೆಚ್ಚೆದೆ ಎಂದು ಹೆಸರಿಟ್ಟ ಭಾಷೆ ನಮ್ಮದು. ಆ ಮಾತು ಹುಟ್ಟಿದ್ದು ಮರ ಸೀಳಿದವರ ಅಂಗಳದಲ್ಲಿ ಎಂದು ನನಗೆ ಅನಿಸುತ್ತದೆ.

ಕೊಡತಿ ಮಾಡುವುದು ಹೀಗೆ. ಐದು ಅಂಗುಲ ಉದ್ದ, ಮೂರೂವರೆ ಅಂಗುಲ ಎತ್ತರ, ಎರಡೂವರೆ ಅಂಗುಲ ದಪ್ಪದ ಹುಣಸೆ ತುಂಡು. ಅದರ ನಡುವೆ ಕಾವಿಗೊಂದು ತೂತು. ಆ ತೂತು ಕೆಳಗೆ ಕಿರಿದಾಗಿ, ಮೇಲೆ ತುಸು ಅಗಲವಾಗಿರಬೇಕು. ಕಾವಿನ ಮೇಲ್ತುದಿಯನ್ನೂ ಅದೇ ಅಳತೆಗೆ ಅಗಲ ಬಿಟ್ಟು, ಪಿಕಾಸಿಗೆ ಕಾವು ಹಾಕುವಂತೆ ಮೇಲಿನಿಂದ ಇಳಿಸಬೇಕು. ಇದಕ್ಕೆ ಮೊಳೆ ಬೇಡ, ಅಂಟು ಬೇಡ. ಬೀಸಿದಾಗ ತಲೆ ಹೊರಗೆ ಹಾರಲು ನೋಡುತ್ತದೆ, ಹಾರಲು ನೋಡಿದಷ್ಟೂ ಅಗಲವಾದ ತುದಿಗೆ ಸಿಕ್ಕಿ ಇನ್ನಷ್ಟು ಬಿಗಿಯಾಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಬಲ ಮತ್ತು ಘರ್ಷಣೆಯ ಪಾಠವನ್ನು ಹಲಗೆಯ ಮೇಲೆ ಬರೆದು ಹೇಳುವುದು ನನಗೆ ಗೊತ್ತು. ಈ ಕೊಡತಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟರೆ ಆ ಪಾಠ ಎಷ್ಟು ಬೇಗ ಇಳಿಯುತ್ತದೆ ಎನ್ನುವುದನ್ನು ಈಗ ನೋಡುತ್ತಿದ್ದೇನೆ.

ತೋಪಡ ಇದಕ್ಕಿಂತ ಸೂಕ್ಷ್ಮ. ಪುಸ್ತಕದಲ್ಲಿ ಉಜ್ಜುಗೊರಡು ಎನ್ನುತ್ತಾರೆ. ಹತ್ತು ಅಂಗುಲ ಉದ್ದದ ಜಾಲಿಯ ತುಂಡು, ಅದರಲ್ಲಿ ಅಲಗು ಮಲಗಲು 45 ಡಿಗ್ರಿ ಓರೆಯ ಹಾಸು, ಅಲಗನ್ನು ಒತ್ತಿ ಹಿಡಿಯಲು ಒಂದು ಬೆಣೆ. ತಳದಲ್ಲಿ ಅಲಗಿನ ಮುಂದೆ ಬಿಡುವ ಸಂದು ತೀರ ಕಿರಿದಾಗಿರಬೇಕು. ಅದು ಅಗಲವಾದರೆ ಮರ ನುಣುಪಾಗುವುದಿಲ್ಲ, ಕಿತ್ತು ಬರುತ್ತದೆ. ತಳದ ಎಳೆಗಳು ಮುಂಭಾಗದಿಂದ ಹಿಂಭಾಗದ ಕಡೆಗೆ ಇಳಿದಿರಬೇಕು, ಆಗ ತೋಪಡ ಜಾರುತ್ತದೆ. ತಿರುಗಿಸಿ ಮಾಡಿದರೆ ಅದರ ಎಳೆಯೇ ಕೆಲಸದ ಮರಕ್ಕೆ ತಡೆಯುತ್ತದೆ. ಕೆತ್ತಿ ಮುಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒಣಗಲು ಬಿಡುವುದು, ಮತ್ತೆ ಸವರುವುದು.

ಅಲಗಿನ ವಿಷಯ ಬಂದಾಗ ಬಡಗಿ ಕಮ್ಮಾರರ ಮನೆಗೆ ಹೋಗಬೇಕು. ಲಾರಿಯ ಹಳೆಯ ಪಟ್ಟೆಯನ್ನು ಕಾಯಿಸಿ ಬಡಿದರೆ ಉಳಿಯಾಗುತ್ತದೆ. ಸವೆದ ಅರದಲ್ಲಿ ಇಂಗಾಲದ ಅಂಶ ಇನ್ನೂ ಹೆಚ್ಚು, ಅದು ಸಣ್ಣ ಅಲಗುಗಳಿಗೆ ಒಳ್ಳೆಯದು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ಗಾಜಿನ ಹಾಗೆ ಪೆಡಸಾಗುತ್ತದೆ. ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತ, ಮೈಮೇಲೆ ಒಣಹುಲ್ಲಿನ ಬಣ್ಣ ಮೂಡಿದೊಡನೆ ತಣಿಸಬೇಕು. ಆಗ ಗಡಸುತನವೂ ಉಳಿಯುತ್ತದೆ, ಮುರಿಯುವ ಭಯವೂ ಹೋಗುತ್ತದೆ. ಆ ಬಣ್ಣ ಮೂಡುವುದು ಸುಮಾರು 220 ಡಿಗ್ರಿಯಲ್ಲಿ. ನಮ್ಮ ಕಮ್ಮಾರರ ಬಳಿ ಉಷ್ಣಮಾಪಕವಿಲ್ಲ, ಕಣ್ಣಿದೆ.

ಒಂದು ಉಳಿಯಲ್ಲಿ ಎಷ್ಟು ಜನರ ಕಾಯಕ ಕೂಡಿದೆ ಎಂದು ಎಣಿಸಿ ನೋಡಿ. ಬದುವಿನಲ್ಲಿ ಮರ ಬೆಳೆದ ರೈತ, ಅಲಗು ಬಡಿದ ಕಮ್ಮಾರ, ಹಿಡಿ ಕೆತ್ತಿದ ಬಡಗಿ. ಹಿಂದಿನ ಆಯದ ಪದ್ಧತಿಯಲ್ಲಿ ಇವರೆಲ್ಲ ಒಂದೇ ಊರಿನಲ್ಲಿದ್ದರು. ನೇಗಿಲು, ಕೂರಿಗೆ, ಕುಂಟೆ ರಿಪೇರಿ ಮಾಡಿಕೊಟ್ಟ ಬಡಗಿಗೆ ಸುಗ್ಗಿಯ ಕಣದಲ್ಲಿ ಕಾಳು ಸಿಗುತ್ತಿತ್ತು. ಆ ಪದ್ಧತಿಯನ್ನು ನಾನು ಹೊಗಳುವುದಿಲ್ಲ. ಕಣದಲ್ಲಿ ಕಾಳು ಕೊಟ್ಟವರು ಬಡಗಿಯನ್ನು ಪಡಸಾಲೆಗೆ ಕರೆದು ಕೂರಿಸುತ್ತಿದ್ದರೇ? ಕೆಲಸ ಬೇಕು, ಕೆಲಸಗಾರನ ಸರಿಸಮ ಕೂರುವುದು ಬೇಡ ಎನ್ನುವ ಈ ರೋಗಕ್ಕೇ ಅಲ್ಲವೇ ಕಲ್ಯಾಣದಲ್ಲಿ ಮದ್ದು ಅರೆದದ್ದು? ಆಯ ಹೋಯಿತು, ಟ್ರ್ಯಾಕ್ಟರ್ ಬಂತು, ರೋಗ ಮಾತ್ರ ಪೂರ್ತಿ ಹೋಗಲಿಲ್ಲ.

ನಮ್ಮ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಐದನೆಯ ಶತಮಾನದ್ದು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಕಾಕುತ್ಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದು ಎಲ್ಲವೂ ಅದರಲ್ಲಿದೆ. ಆ ಕಾವ್ಯ ಬರೆದ ಕುಬ್ಜ ಎಂಬ ಕವಿ, ತನ್ನ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದೆನೆಂದು ಅದರಲ್ಲಿಯೇ ಹೇಳಿಕೊಂಡಿದ್ದಾನೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಈ ಮಾತನ್ನು ಒತ್ತಿ ಹೇಳುತ್ತಿದ್ದೆ. ಬುದ್ಧಿಯ ಕೆಲಸ ಒಬ್ಬರದು, ಕೈಯ ಕೆಲಸ ಇನ್ನೊಬ್ಬರದು ಎಂಬ ಗೆರೆಯನ್ನು ಆ ಕವಿ ತನ್ನ ಮಟ್ಟಿಗಾದರೂ ಎಳೆದುಕೊಂಡಿರಲಿಲ್ಲ. ಪಕ್ಕದ ಬಳ್ಳಿಗಾವೆಯ ದಾಸೋಜ ಬೇಲೂರಿನ ಮದನಿಕೆಯರ ಕೆಳಗೆ ತನ್ನ ಹೆಸರನ್ನು ಕೊರೆದುಕೊಂಡ. ಅದೇ ಬಳ್ಳಿಗಾವೆಯಿಂದ ಅಲ್ಲಮ ಬಂದರು, ಮದ್ದಳೆ ನುಡಿಸುತ್ತಿದ್ದ ಕೈಯವರು. ಹತ್ತಿರದ ಉಡುತಡಿಯಿಂದ ಅಕ್ಕ ಬಂದರು. ಅತ್ತ ಸೊರಬ, ಸಾಗರದಲ್ಲಿ ಗುಡಿಗಾರರ ಕೆತ್ತನೆ ಇಂದಿಗೂ ಹೆಸರುವಾಸಿ. ಇಂಥ ನೆಲದಲ್ಲಿ ಈಗ ಒಬ್ಬ ಯುವಕನಿಗೆ ಗುದ್ದಲಿಯ ಕಾವು ಮುರಿದರೆ ಹೊಸ ಕಾವು ಹಾಕಿಕೊಳ್ಳಲು ಬಾರದು, ಶಿರಾಳಕೊಪ್ಪದ ಅಂಗಡಿಗೆ ಓಡುತ್ತಾನೆ.

ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಇದೆ. ನಮ್ಮ ಕಡೆಯ ಹುಡುಗರು ಮರಗೆಲಸಕ್ಕೆಂದು ಶಿವಮೊಗ್ಗಕ್ಕೆ, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಪ್ಲೈವುಡ್ ಕತ್ತರಿಸಿ, ಲ್ಯಾಮಿನೇಟ್ ಅಂಟಿಸುವ ಕೆಲಸ. ಯಂತ್ರ ಗುತ್ತಿಗೆದಾರನದು. ಯಂತ್ರ ಅವನದಾದ್ದರಿಂದ ಕೆಲಸ ಅವನದು, ಕೂಲಿ ನಿಗದಿ ಮಾಡುವವನೂ ಅವನೇ. ಕೈಯಲ್ಲಿ ಸ್ವಂತ ಉಪಕರಣವಿಲ್ಲದವನಿಗೆ, ಅದನ್ನು ಮಾಡಿಕೊಳ್ಳುವ ವಿದ್ಯೆಯೂ ಇಲ್ಲದವನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಊರಿನಲ್ಲಿ ಉಳಿದ ಹಿರಿಯ ಬಡಗಿಗಳ ಬಾಚಿ, ಬೈರಿಗೆ, ತೋಪಡಗಳು ಗುಜರಿಯವರ ತೂಕದ ತಕ್ಕಡಿಗೆ ಹೋಗುತ್ತಿವೆ. ಕಬ್ಬಿಣಕ್ಕೆ ಬೆಲೆ ಕೊಡುತ್ತಾರೆ, ಮರದ ಭಾಗವನ್ನು ಒಲೆಗೆ ಎಸೆಯುತ್ತಾರೆ. ಆ ಮರದ ಭಾಗದಲ್ಲಿಯೇ ವಿದ್ಯೆ ಇತ್ತು.

ಸರ್ಕಾರ ಏನೂ ಮಾಡುತ್ತಿಲ್ಲ ಎನ್ನಲಾರೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಇದ್ದಾನೆ, ಕಮ್ಮಾರ ಇದ್ದಾನೆ, ಸುತ್ತಿಗೆ ಮತ್ತು ಉಪಕರಣ ಮಾಡುವವನೂ ಇದ್ದಾನೆ. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ. ಅರ್ಹರು ತಪ್ಪದೆ ಪಡೆದುಕೊಳ್ಳಲಿ. ಆದರೆ ಏಳು ದಿನದಲ್ಲಿ ಸಿಗುವುದು ಪ್ರಮಾಣಪತ್ರ, ಕೈಗೆ ಹದ ಬರುವುದು ವರ್ಷಗಳಲ್ಲಿ. ಕೊಂಡ ಉಪಕರಣ ಹಾಳಾದಾಗ ಮತ್ತೆ ಕೊಳ್ಳಬೇಕು. ಉಪಕರಣ ಕೊಡುವುದು ಒಂದು ನೆರವು, ಉಪಕರಣ ಮಾಡಲು ಕಲಿಸುವುದು ಸ್ವಾತಂತ್ರ್ಯ. ಎರಡನೆಯದನ್ನು ಸರ್ಕಾರಕ್ಕಿಂತ ಚೆನ್ನಾಗಿ ಮಾಡಬಲ್ಲ ಸಂಸ್ಥೆಗಳು ನಮ್ಮಲ್ಲಿವೆ. ಅವು ನಮ್ಮ ಮಠಗಳು.

ಮಠಗಳಿಗೆ ಶಾಲೆ ಇದೆ, ಪ್ರಸಾದನಿಲಯ ಇದೆ, ಜಾಗ ಇದೆ, ಜನರ ನಂಬಿಕೆ ಇದೆ. ಅನ್ನದಾಸೋಹ, ಅಕ್ಷರದಾಸೋಹವನ್ನು ನಾಡೇ ಮೆಚ್ಚುವಂತೆ ನಡೆಸಿದ್ದಾರೆ. ಇನ್ನು ಉಪಕರಣದ ದಾಸೋಹವೂ ನಡೆಯಲಿ ಎಂಬುದು ನನ್ನ ಬಿನ್ನಹ. ಪ್ರತಿ ಪ್ರಸಾದನಿಲಯದಲ್ಲಿ ಒಂದು ಕೊಠಡಿ, ಎರಡು ಗಟ್ಟಿ ಮರದ ಮೇಜು, ವಾರಕ್ಕೆ ಎರಡು ದಿನ ಸಂಜೆ ಎರಡು ಗಂಟೆ. ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳು. ಮೊದಲ ವರ್ಷ ಕೊಡತಿ, ಮೂಲೆಮಟ್ಟ. ಎರಡನೆಯ ವರ್ಷ ಗುದ್ದಲಿ, ಕುಡುಗೋಲು, ಉಳಿಗಳಿಗೆ ಕಾವು ಮತ್ತು ಹಿಡಿ. ಮೂರನೆಯ ವರ್ಷ ತೋಪಡ. ತಾನು ಮಾಡಿದ್ದನ್ನು ಮಗು ಮನೆಗೆ ಒಯ್ಯಲಿ, ಮಠ ಅದನ್ನು ಮಾರಬಾರದು. ಮಾರಲು ಹೊರಟರೆ ಕಲಿಕೆ ಹೋಗಿ ದುಡಿತವಾಗುತ್ತದೆ.

ಕಲಿಸಲು ಊರಿನ ಹಿರಿಯ ಬಡಗಿಗಳು, ಕಮ್ಮಾರರು ಬರಲಿ. ಅವರನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸುವುದು ಸಾಕು. ಶಿಕ್ಷಕರೆಂದು ನೇಮಿಸಿ, ಶಿಕ್ಷಕರಿಗೆ ಕೊಡುವ ಸಂಬಳ ಕೊಡಲಿ. ಶಿಕ್ಷಕರ ಕೊಠಡಿಯಲ್ಲಿ ಅವರಿಗೂ ಒಂದು ಕುರ್ಚಿ ಇರಲಿ. ಹೆಣ್ಣುಮಕ್ಕಳನ್ನು ಹೊರಗಿಡಬಾರದು. ಬಾಚಿಕಾಯಕದ ಬಸವಯ್ಯನವರ ಪತ್ನಿ ಕಾಳವ್ವೆಯೂ ವಚನಕಾರ್ತಿ ಎಂಬುದನ್ನು ಮರೆಯಬಾರದು. ಮಠದ ಜಮೀನಿನ ಬದುವಿನಲ್ಲಿ ಜಾಲಿ, ಹುಣಸೆ, ದಿಂಡಿಗಗಳನ್ನು ಈಗಲೇ ನೆಡಲಿ. ಇಂದು ಪ್ರಸಾದನಿಲಯಕ್ಕೆ ಸೇರಿದ ಮಗುವಿನ ಮೊಮ್ಮಕ್ಕಳಿಗೆ ಅದರ ಕೆಚ್ಚು ಒದಗುತ್ತದೆ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ತಳ್ಳಿಹಾಕುವಂಥವಲ್ಲ. ಯಂತ್ರಯುಗದಲ್ಲಿ ಕೈ ಉಪಕರಣ ಏಕೆ ಎನ್ನುವುದು ಮೊದಲನೆಯದು. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ವಿದ್ಯುತ್ ಗರಗಸ ಒಂದು ಗಂಟೆಯಲ್ಲಿ ಮಾಡುವುದನ್ನು ಕೈ ಗರಗಸ ಒಂದು ದಿನದಲ್ಲಿ ಮಾಡಲಾರದು. ಆದರೆ ಮರದ ಎಳೆ ಎತ್ತ ಓಡುತ್ತದೆ, ಅದು ಒಣಗಿದಾಗ ಎತ್ತ ಬಾಗುತ್ತದೆ ಎಂಬುದನ್ನು ಯಂತ್ರ ಕಲಿಸುವುದಿಲ್ಲ. ಜಪಾನ್ ಯಂತ್ರಗಳಿಗೇ ಹೆಸರಾದ ದೇಶ. ಅಲ್ಲಿಯ ಬಡಗಿಗಳು ಗೆರೆ ಹೊಡೆಯುವ ಮಸಿದಾರದ ಪೆಟ್ಟಿಗೆಯನ್ನು ತಾವೇ ಕೆತ್ತಿಕೊಳ್ಳುವ ಸಂಪ್ರದಾಯವಿತ್ತು. ಓಕ್ ಮರದ ಉಜ್ಜುಗೊರಡನ್ನು ಹದಗೊಳಿಸಿಕೊಳ್ಳುವುದು ಅಲ್ಲಿ ಇಂದಿಗೂ ಕಲಿಕೆಯ ಭಾಗ. ಕೈ ಉಪಕರಣ ಬಲ್ಲವನು ಯಂತ್ರವನ್ನು ಆಳುತ್ತಾನೆ, ಅದನ್ನು ಅರಿಯದವನು ಯಂತ್ರಕ್ಕೆ ಆಳಾಗುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಶಾಲೆಯಲ್ಲಿ ಕಸುಬು ಕಲಿಸುವುದೆಂದರೆ ಮಕ್ಕಳನ್ನು ಮತ್ತೆ ಜಾತಿಯ ಕಸುಬಿಗೆ ಕಟ್ಟಿಹಾಕಿದಂತೆ ಎಂಬ ಭಯ. ಈ ಭಯಕ್ಕೆ ಇತಿಹಾಸವಿದೆ. 1953ರಲ್ಲಿ ಮದರಾಸಿನಲ್ಲಿ ರಾಜಾಜಿಯವರು ಶಾಲೆಯ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಅದನ್ನು ಕುಲಕಸುಬಿನ ಶಿಕ್ಷಣ ಎಂದು ಜನ ವಿರೋಧಿಸಿದರು. ಮರುವರ್ಷ ಕಾಮರಾಜರ ಕಾಲದಲ್ಲಿ ಅದು ರದ್ದಾಯಿತು. ವಿರೋಧ ನ್ಯಾಯವಾಗಿತ್ತು. ಅಲ್ಲಿ ಚಮ್ಮಾರನ ಮಗನಿಗೆ ಚರ್ಮ, ಬಡಗಿಯ ಮಗನಿಗೆ ಬಾಚಿಯೇ ಗತಿ ಎಂದಾಗುತ್ತಿತ್ತು. ನಾನು ಕೇಳುತ್ತಿರುವುದು ಅದರ ತದ್ವಿರುದ್ಧ. ಗೌಡರ ಮಗ, ಸ್ವಾಮಿಗಳ ಮನೆತನದ ಮಗ, ವ್ಯಾಪಾರಿಯ ಮಗಳು, ಕೂಲಿಯವರ ಮಗಳು ಎಲ್ಲರೂ ಒಂದೇ ಮೇಜಿನ ಸುತ್ತ ನಿಂತು ಹುಣಸೆಯ ತುಂಡು ಕೆತ್ತಲಿ. ಬಡಗಿಯ ಮಗು ಅದೇ ಶಾಲೆಯಲ್ಲಿ ಭೌತಶಾಸ್ತ್ರವನ್ನೂ ಲೆಕ್ಕವನ್ನೂ ಒಂದು ಅವಧಿಯೂ ಕಡಿಮೆಯಾಗದಂತೆ ಕಲಿಯಲಿ. ಕಸುಬು ಎಲ್ಲರದ್ದಾದ ದಿನ ಅದು ಜಾತಿಯ ಕೈ ತಪ್ಪುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯ ಏನೇ ಇರಲಿ, ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಮಕ್ಕಳು ಕಲಿಯಬೇಕೆಂಬ ಮಾತು ಅದರಲ್ಲಿದೆ. ಹಾಗೆಂದು ಬರೆದ ಕಾಗದಕ್ಕಾಗಿ ನಾವು ಕಾಯಬೇಕಿಲ್ಲ. ಬರಹಕ್ಕೆ ಮೊದಲೇ ನಡೆದು ತೋರಿಸಿದ ಪರಂಪರೆ ನಮ್ಮದು ಎಂದು ಹೇಳಿಕೊಳ್ಳುವವರು ನಾವು.

ನನ್ನ ಗುರುಗಳಾದ ಬಡಗಿಯವರಿಗೆ ಈಗ ಎಂಬತ್ತರ ಹತ್ತಿರ. ಅವರ ಕಣ್ಣು ಮಂಜಾಗುತ್ತಿದೆ, ಬೆರಳು ಮಾತ್ರ ಮರದ ಎಳೆಯನ್ನು ಇನ್ನೂ ತಪ್ಪದೆ ಓದುತ್ತವೆ. ಅಂಥವರು ಪ್ರತಿ ಹೋಬಳಿಯಲ್ಲಿ ಕೆಲವರಾದರೂ ಉಳಿದಿದ್ದಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು. ಅವರು ಹೋದ ಮೇಲೆ ಅವರ ಹೆಸರಿನಲ್ಲಿ ವಿಚಾರಸಂಕಿರಣ ನಡೆಸಬಹುದು, ಆದರೆ ಹುಣಸೆಯ ಕೊಂಬೆ ನೋಡಿ ಇದರಲ್ಲಿ ಎರಡು ಕೊಡತಿ ಇದೆ ಎಂದು ಹೇಳುವ ಕಣ್ಣನ್ನು ಅದರಿಂದ ತರಲಾಗದು.

ಆಯುಧಪೂಜೆಯ ದಿನ ಉಪಕರಣಗಳಿಗೆ ಕುಂಕುಮ ಹಚ್ಚಿ ಹೂವೇರಿಸುವವರು ಬಹಳ. ಉಳಿಗೆ ಬೇಕಾದದ್ದು ಸಾಣೆ, ಕಾವಿಗೆ ಬೇಕಾದದ್ದು ಎಣ್ಣೆ, ಎರಡಕ್ಕೂ ಬೇಕಾದದ್ದು ಕಲಿತ ಕೈ. ಬರುವ ಶೈಕ್ಷಣಿಕ ವರ್ಷದಲ್ಲಿ ಒಂದೇ ಒಂದು ಮಠ ಒಂದೇ ಒಂದು ಕೊಠಡಿಯಿಂದ ಆರಂಭಿಸಲಿ. ಮೊದಲ ಮೇಜಿಗೆ ಬೇಕಾದ ಮರವನ್ನು ನನ್ನ ಬದುವಿನ ಜಾಲಿಯಿಂದ ಕೊಡುತ್ತೇನೆ, ವಾರಕ್ಕೆ ಎರಡು ಸಂಜೆ ನಾನೂ ಬಂದು ಗುರುಗಳ ಪಕ್ಕದಲ್ಲಿ ನಿಲ್ಲುತ್ತೇನೆ.